ತೂಬಿನ ಮುಂದೆ ನಿಂತ ಟರ್ಬೊ ಗಾಡಿ

ನನ್ನ ಗಂಡನಿಗೆ ಕಾರಿನ ಪರದೆಯ ಮೇಲೆ ಕಾಣುವ ಮೈಲೇಜಿನ ಅಂಕಿಯೇ ದೇವರು. ಸುರಪುರ ರಸ್ತೆಯ ಇಳಿಜಾರಿನಲ್ಲಿ ಅದು ಒಮ್ಮೆ ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಅಂತ ತೋರಿಸಿತ್ತಂತೆ. ಅಂದಿನಿಂದ ಶಹಾಪುರದ ಚಹಾದಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ಟರ್ಬೊ ಗಾಡಿ ನನ್ನ ಕೈಯಾಗ ಇಪ್ಪತ್ತೆರಡು ಕೊಡ್ತದ. ಆಕಿ ಕೈಯಾಗ ಬರೇ ಪೆಟ್ರೋಲ್ ಕುಡೀತದ" ಅನ್ನುತ್ತಿದ್ದ. ಆಕಿ ಅಂದರೆ ನಾನು, ಸುರಪುರದ ಶಾಲೆಯ ಶಿಕ್ಷಕಿ. ಎರಡು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿ ಸಾಕಾಗಿ, ನನ್ನ ಸಂಬಳದಲ್ಲಿ ಕೊಂಡ ಕಾರು ಅದು.

ಒಂದು ದಿನ ಊಟಕ್ಕೆ ಕೂತವನು ತೀರ್ಪು ಕೊಟ್ಟ. "ಮುಂದಿನ ತಿಂಗಳಿಂದ ಚಾವಿ ನನ್ನ ಹತ್ರ ಇರ್ತದ. ನೀ ಬಸ್ಸಿಗಿ ಹೋಗು."

ನನಗೆ ಮೈಯೆಲ್ಲ ಉರಿಯಿತು. "ಪರದಿ ಮ್ಯಾಲಿನ ಅಂಕಿ ಬಿಡ್ರಿ. ಟಾಕಿ ತುಂಬಿಸಿ ನೋಡೂಣು" ಎಂದೆ. ಬಂಕಿನ ಕೊಳವೆ ಟಕ್ಕೆಂದು ತಾನಾಗಿ ನಿಲ್ಲುವವರೆಗೆ ತುಂಬಿಸುವುದು, ವಾರ ಓಡಿಸಿ ಅದೇ ಬಂಕಿನಲ್ಲಿ ಮತ್ತೆ ಹಾಗೇ ತುಂಬಿಸುವುದು. ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿದರೆ ಆಯಿತು, ನಾಲ್ಕನೇ ತರಗತಿಯ ಲೆಕ್ಕ. ಮೊದಲ ವಾರ ನನ್ನದು, ಮುಂದಿನದು ಅವನದು. ಸೋತವರು ಚಾವಿ ಬಿಡಬೇಕು. "ಹೂಂ, ನೋಡೇ ಬಿಡೂಣು" ಎಂದು ಮೀಸೆ ತಿರುವಿದ.

ಟರ್ಬೊ ಅಂದರೇನು ಅಂತ ಆ ಮೀಸೆಗೆ ಗೊತ್ತಿರಲಿಲ್ಲ. ಜೋರಾಗಿ ತುಳಿದರೆ ಅದು ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ, ಗಾಳಿಯ ಜೊತೆ ಪೆಟ್ರೋಲೂ ಹೋಗುತ್ತದೆ. ನಾನು ಹಗುರಾಗಿ ತುಳಿದೆ, ಭತ್ತದ ಟ್ರ್ಯಾಕ್ಟರುಗಳ ಹಿಂದೆ ಸುಮ್ಮನೆ ಹೋದೆ. ನನ್ನ ವಾರಕ್ಕೆ ಹದಿನೆಂಟು ಬಂತು.

ಅವನ ವಾರದಲ್ಲಿ ಕಾಲುವೆ ನೀರಿನ ಮೂರು ದಿನದ ಪಾಳಿ ಬಂತು. ನಮ್ಮ ಗದ್ದೆ ಕಾಲುವೆಯ ಕೊನೆಗಿದೆ. ಪಾಳಿಯ ದಿನ ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಕೂತು ಕಾಯದಿದ್ದರೆ ಮೇಲಿನವರು ನೀರು ತಿರುಗಿಸಿಕೊಳ್ಳುತ್ತಾರೆ. ಮೊದಲೆಲ್ಲ ನಮ್ಮ ಮಾವನವರು ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಕಾಯುತ್ತಿದ್ದರು. ಈ ಮಹಾರಾಯ ಗಾಜು ಏರಿಸಿ, ಎಸಿ ಹಾಕಿ, ಎಂಜಿನ್ ಚಾಲೂ ಇಟ್ಟು ಕಾಯ್ದ.

"ಇದೇನ್ರಿ ಇದು?" ಎಂದು ಸಂಜೆ ಶಾಲೆಯಿಂದ ಬರುವಾಗ ನೋಡಿ ಕೇಳಿದೆ.

"ಟರ್ಬೊ ಒಮ್ಮಿಗೇ ಬಂದ್ ಮಾಡಬಾರ್ದು. ತಣ್ಣಗಾಗಬೇಕು."

ಜೋರಾಗಿ ಓಡಿಸಿ ಬಂದರೂ ಒಂದು ನಿಮಿಷ ಸಾಕು. ಇವನು ಮೂರು ದಿನ ತಣ್ಣಗಾಗಿಸಿದ.

ವಾರ ಮುಗಿದು ಟಾಕಿ ತುಂಬಿಸಿದಾಗ ಹತ್ತು ಬಂತು. ತನ್ನ ಫೋನಿನಲ್ಲಿ ಭಾಗಿಸಿದ, ನನ್ನ ಫೋನಿನಲ್ಲೂ ಭಾಗಿಸಿದ. ಹತ್ತೇ. "ನಿಂತ ಗಾಡಿನೂ ಕುಡೀತದ್ರಿ" ಎಂದೆ. ಮರುದಿನ ಬೆಳಿಗ್ಗೆ ಚಾವಿ ನನ್ನ ಚೀಲದ ಮೇಲಿತ್ತು.

ಮುಂದಿನ ಪಾಳಿಯ ದಿನ ಶಾಲೆಗೆ ಹೋಗುವಾಗ ಅವನನ್ನು ತೂಬಿನವರೆಗೆ ಬಿಟ್ಟೆ. ಕೂತವನು ಏಳಲಿಲ್ಲ. "ಭಾಳ ಬಿಸಿಲದ. ಸ್ವಲ್ಪ ಎಸಿಯಾಗ ಕೂಡ್ತೀನಿ."

"ಸಾಲಿಗಿ ಹೊತ್ತಾಗ್ತದ, ಇಳೀರಿ" ಎಂದೆ. ಹಿಂದಿನ ಸೀಟಿನಿಂದ ಮಾವನವರ ಹಳೇ ಕಂಬಳಿ ತೆಗೆದು ಅವನ ಕೈಗೆ ಕೊಟ್ಟೆ.