ಹನ್ನೆರಡಡಿಯ ಏಣಿ

ಮರ ಸವರುವ ಸೈಕಿಚಿ ಮೇಸ್ತ್ರಿಗೆ ಅರವತ್ನಾಲ್ಕು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಯಜಮಾನಿ ಹತ್ಸುಯೆ ಅಮ್ಮನ ಮನೆಯ ಪೈನ್ ಮರಕ್ಕೆ ಅವನ ಕತ್ತರಿ ಬಿಟ್ಟು ಬೇರೆ ಕತ್ತರಿ ಸೋಕಿರಲಿಲ್ಲ. ಹೆಬ್ಬಾಗಿಲ ಮೇಲೆ ಅಡ್ಡಕ್ಕೆ ಚಾಚಿದ ಕೊಂಬೆಯನ್ನು ಬಿದಿರಿನ ಗಳಕ್ಕೆ ಕಟ್ಟಿ, ಬಾಗಿಸಿ ಬೆಳೆಸಿದ್ದೂ ಅವನೇ. ಯಾರಾದರೂ ಆ ಕೊಂಬೆಯನ್ನು ಹೊಗಳಿದರೆ ಮಾವನಿಂದ ಹೊಗಳಿಸಿಕೊಂಡ ಅಳಿಯನಂತೆ ಉಬ್ಬುತ್ತಿದ್ದ.

ಈ ನವೆಂಬರಿನಲ್ಲಿ ಅಮ್ಮ ಗಿಡದ ಬೇಲಿ ಸವರಲು ದೋಮೊನ್‌ನನ್ನು ಕರೆಸಿದರು. ನಲವತ್ತರ ಗಂಡಸು, ಮಾತು ಕಡಿಮೆ, ಹತ್ತಡಿಯ, ಮೂರು ಕಾಲಿನ ಹೊಸ ಏಣಿ. ಎರಡು ಕಾಲು ಈಚೆ ಊರಿ, ಮೂರನೆಯದನ್ನು ಬೇಲಿಯೊಳಕ್ಕೆ ತೂರಿಸಿದನೆಂದರೆ ಅದು ಮಿಸುಕುತ್ತಿರಲಿಲ್ಲ. ಬೇಲಿಯ ನೆತ್ತಿ ದಾರ ಹಿಡಿದಷ್ಟು ನೇರ ಬಂತು.

"ಕೈ ಚೆನ್ನಾಗಿದೆ ಅಲ್ವಾ ಮೇಸ್ತ್ರಿ ಇವನದು?" ಎಂದರು ಅಮ್ಮ.

ಅಷ್ಟೇ ಮಾತು. ಸೈಕಿಚಿಗೆ ರಾತ್ರಿ ಅನ್ನ ಇಳಿಯಲಿಲ್ಲ. ಇವತ್ತು ಬೇಲಿ, ನಾಳೆ ಪೈನ್ ಮರ.

"ಹೊಟ್ಟೆ ತುಂಬಾ ಉರಿ ತುಂಬ್ಕೊಂಡ್ರೆ ಊಟಕ್ಕೆ ಜಾಗ ಎಲ್ಲಿ?" ಎಂದಳು ಹೆಂಡತಿ ಕಿನು.

"ನನಗ್ಯಾಕೆ ಉರಿ? ಅವನ ಏಣಿ ದೊಡ್ಡದು, ಅದಕ್ಕೇ ಹಾಗೆ ಕಾಣ್ಸುತ್ತೆ."

"ಸರಿ ಬಿಡಿ, ಏಣಿ ಮೇಲೆ ಉರಿ."

ಬೆಳಗಾಗುತ್ತಲೇ ಏಣಿ ಮಾರುವ ಇಸೊಗಾಯ್‌ನ ಅಂಗಡಿಗೆ ಹೋಗಿ ಹನ್ನೆರಡಡಿಯದು ಕೇಳಿದ.

"ನಿಮಗೆ ಎಂಟಡಿ ಸಾಕಲ್ಲ? ಮರದ ಎತ್ತರ ನೋಡಿ ಏಣಿ ತಗೋಬೇಡ, ಕೊಂಬೆ ನಡುವಿನ ಜಾಗ ನೋಡಿ ತಗೋ ಅಂತ ನೀವೇ ಎಲ್ಲರಿಗೂ ಹೇಳೋದು," ಎಂದ ಇಸೊಗಾಯ್.

"ಮಾರೋಕೆ ಕೂತಿದ್ದೀಯೋ, ಪಾಠ ಹೇಳೋಕೋ?"

ಇಸೊಗಾಯ್ ಏಣಿ ಇಳಿಸಿಕೊಟ್ಟ.

ದೋಮೊನ್ ಬೇಲಿಯ ಕೊನೆ ಮೂಲೆಯಲ್ಲಿದ್ದ. ಅವನು ನೋಡಲೆಂದೇ ಸೈಕಿಚಿ ಏಣಿಯನ್ನು ಅಂಗಳದ ನಡುವೆ ಹೊತ್ತು ತಂದ. ಮರದ ಕೆಳಗೆ ಅಷ್ಟುದ್ದದ ಏಣಿ ನಿಲ್ಲಲು ಜಾಗ ಬೇಕಲ್ಲ? ಒಂದು ಕಡೆ ಕಲ್ಲಿನ ದೀಪಕಂಬ, ಇನ್ನೊಂದು ಕಡೆ ಪಾಚಿಯ ದಿಬ್ಬ. ಹಿಂದೆ ಸರಿಯಲು ಮನಸ್ಸಾಗಲಿಲ್ಲ. ನೆಟ್ಟಗೆ ಎತ್ತಿ ಕೊಂಬೆಗಳ ನಡುವೆ ತುರುಕಿದ. ಮೇಲೆ ಲಟಕ್ಕೆಂದಿತು. ಹೆಬ್ಬಾಗಿಲ ಮೇಲಿನ ಕೊಂಬೆ ಅರ್ಧಕ್ಕೆ ಸೀಳಿ ತೊಗಟೆಯಲ್ಲಿ ನೇತಾಡಿತು.

ದೋಮೊನ್ ಬಂದು ನೋಡಿದ. ಹೊಸ ಏಣಿಯನ್ನು ಹೊರಗೆಳೆದು ಮಲಗಿಸಿದ. ತನ್ನದನ್ನು ರಸ್ತೆಯ ಕಡೆ ಬಯಲಿಗೆ ಊರಿ ಹತ್ತಿ, ಕೊಂಬೆಯನ್ನು ಭುಜದಿಂದ ಎತ್ತಿ ಹಿಡಿದು ನಾರಿನ ಹಗ್ಗ ಸುತ್ತತೊಡಗಿದ.

ಮೂರು ಗಂಟೆಯ ಚಹಾ ತಟ್ಟೆಯಲ್ಲಿ ಹಿಡಿದು ಬಂದ ಅಮ್ಮ ಸೀಳಿದ ಕೊಂಬೆ ಕಂಡು ಅಲ್ಲೇ ನಿಂತರು.

"ದೋಮೊನ್, ನಿನಗೆ ಹೇಳಿದ್ದು ಬೇಲಿ ಮಾತ್ರ. ಮರ ಮುಟ್ಟು ಅಂದವರ್ಯಾರು? ನಾಳೆಯಿಂದ ಬರೋದು ಬೇಡ."

ದೋಮೊನ್ ಮೇಲಿನಿಂದಲೇ ತಲೆ ಬಗ್ಗಿಸಿದ, ಅಷ್ಟೇ. ಸೈಕಿಚಿ ಸುಮ್ಮನಿದ್ದರೆ ಸಾಕಿತ್ತು. ತಾನು ಸಾಯೋತನಕ ಮರ ತನ್ನದೇ. ಅವನು ತಟ್ಟೆಯಿಂದ ಬಟ್ಟಲು ಎತ್ತಿಕೊಂಡ, ಒಂದು ಗುಟುಕು ಕುಡಿದ. ದೋಮೊನ್ ಹಾಕುತ್ತಿದ್ದ ಗಂಟಿನ ಕಡೆ ಕಣ್ಣು ಹೋಯಿತು. ತೊಗಟೆಗೆ ನೋವಾಗದ ಹಾಗೆ, ಬಿಗಿಯಾಗಿ, ತಾನು ಕಟ್ಟುವುದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದ ಹಾಳಾದವನು.

"ಮುರಿದಿದ್ದು ನಾನಮ್ಮ," ಎಂದ ಸೈಕಿಚಿ. "ಅವನಿಗಿಂತ ದೊಡ್ಡ ಏಣಿ ಬೇಕು ಅಂತ ತಂದೆ."

ಅಮ್ಮ ತಟ್ಟೆಯನ್ನು ಜಗಲಿಯ ಮೇಲಿಟ್ಟರು. "ಹಾಗಾದ್ರೆ ಮುಂದಿನ ವರ್ಷ ಮರ ಯಾರು ನೋಡ್ಕೊಳ್ತಾರೆ?"

"ಅವನೇ," ಎಂದ ಸೈಕಿಚಿ. ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.

"ಮೇಸ್ತ್ರಿ, ಮಣ್ಣು ಸಡಿಲ ಇದೆ," ಎಂದು ಮೇಲಿನಿಂದ ದೋಮೊನ್ ಕೂಗಿದ. "ಸ್ವಲ್ಪ ಏಣಿ ಹಿಡ್ಕೊತೀರಾ?"

ಸೈಕಿಚಿ ಬಟ್ಟಲು ಕೆಳಗಿಟ್ಟು ಹೋಗಿ ಹಿಡಿದುಕೊಂಡ.