ಸೇಫ್ಟಿ ಬೆಲ್ಟಿನ ಇನ್ನೊಂದು ತುದಿ

ಫ್ರೆಂಡ್ಸ್, ಇವತ್ತು ಶಂಕರಪುರಂನ ನಮ್ಮ ಕಾಲೇಜ್ ಲೈಬ್ರರಿಯಲ್ಲಿ ಒಬ್ಬರ ಪ್ರಾಣವನ್ನು ನನ್ನ ಕೈಗೆ ಕೊಟ್ಟರು.

ಕ್ಲೀನಿಂಗ್ ಕಂಪನಿಯ ಶಿವಣ್ಣ ಮೂರನೇ ಮಹಡಿಯ ಕಿಟಕಿಯಾಚೆ, ಸಜ್ಜದ ಮೇಲೆ ನಿಂತು ಗಾಜು ಒರೆಸುತ್ತಿದ್ದರು. ಸೊಂಟಕ್ಕೆ ಬೆಲ್ಟ್ ಇತ್ತು. ಅದರ ಹಗ್ಗ ಒಳಗಿನ ಕಂಬಕ್ಕೆ ಕಟ್ಟಲು ಸಾಲಲಿಲ್ಲ. ಸೂಪರ್‌ವೈಸರ್ ಅದರ ತುದಿಯನ್ನು ಪಕ್ಕದಲ್ಲೇ ಓದುತ್ತಿದ್ದ ನನಗೆ ಹಿಡಿಸಿದರು.

"ಎರಡೇ ನಿಮಿಷ ಹಿಡ್ಕೊಳ್ಳಿ ಮೇಡಂ. ಬೆಲ್ಟ್ ಇಲ್ದೆ ಕೆಲಸ ಮಾಡ್ಸಂಗಿಲ್ಲ, ರೂಲ್ಸು."

"ಸರ್, ಅವ್ರು ಜಾರಿದ್ರೆ?"

"ಜಾರಲ್ಲ. ಬೆಲ್ಟ್ ಇದೆಯಲ್ಲ."

ಹಾಗೆಂದು ಅವರು ಕಾಫಿಗೆ ಹೋದರು. ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ.

ಹೊರಗಿನಿಂದ ಶಿವಣ್ಣ ಕೇಳಿದರು, "ನಿಮ್ ತೂಕ ಎಷ್ಟಮ್ಮಾ?"

"ಫಾರ್ಟಿ ಫೋರ್, ಅಂಕಲ್."

"ನಂದು ಎಂಬತ್ತು. ನಾನು ಬಿದ್ರೆ ಬಿಟ್ಬಿಡಿ. ಸುಮ್ನೆ ಇಬ್ರೂ ಹೋಗೋದ್ ಬೇಡ."

"ಪ್ಲೀಸ್ ಒಳಗೆ ಬನ್ನಿ" ಎಂದು ನಾನು ಬೇಡಿಕೊಂಡ ಮೇಲೆ, ಉಳಿದ ಗಾಜನ್ನು ಹಾಗೇ ಬಿಟ್ಟು ಬಂದರು.

ಆಮೇಲೆ ಸೂಪರ್‌ವೈಸರ್ ಸೇಫ್ಟಿ ಫಾರ್ಮ್ ತುಂಬಿದರು. ಹಗ್ಗ ಕಟ್ಟಿದ್ದು ಯಾವುದಕ್ಕೆ ಎಂಬಲ್ಲಿ ನನ್ನ ರೋಲ್ ನಂಬರ್ ಬರೆದುಕೊಂಡರು. ಅದು ಅಲುಗಾಡುತ್ತದೆಯೇ ಎಂಬಲ್ಲಿ ‘ಇಲ್ಲ’ ಎಂದು ಟಿಕ್ ಹಾಕಿದರು.

ಪೆನ್ನು ನಿಲ್ಲದಷ್ಟು ನಡುಗುತ್ತಿದ್ದ ಕೈಯಲ್ಲಿ ನಾನು ಕೆಳಗೆ ಸಹಿ ಹಾಕಿದೆ.