ಹಾಸ್ಯ ವಿಭಾಗಕ್ಕೆ ಹಾಕಿದ ಅಕ್ಕನ ಪರೀಕ್ಷೆ

ನಾನು ಬ್ಲಾಗ್ ಶುರು ಮಾಡಿದ್ದು ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷಗಳಾದ ಮೇಲೆ. ಆಗ ನವುಲೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ವಿದ್ಯಾನಗರದಲ್ಲಿ ಬಾಡಿಗೆಗಿದ್ದೆ. ಪುಟಕ್ಕೂ ಬರಹಕ್ಕೂ ಇರುವ ವ್ಯತ್ಯಾಸವೇ ಗೊತ್ತಿರಲಿಲ್ಲ. ಬರೆದದ್ದನ್ನೆಲ್ಲ ಒಂದೊಂದು ಪುಟವಾಗಿ ಮಾಡುತ್ತ ಹೋಗಿ, ಬ್ಲಾಗಿನ ತಲೆಬರಹದ ಕೆಳಗಿನ ಪಟ್ಟಿ ಬೆಳೆದು ಮೂರು ಸಾಲಾಗಿ ಮುರಿದುಕೊಂಡಿತ್ತು. ಅದನ್ನು ನೋಡಿದ ಸಹೋದ್ಯೋಗಿಯೊಬ್ಬರು ತಿಳಿಹೇಳಿದರು: ಬದಲಾಗದೆ ನಿಲ್ಲುವಂಥದ್ದು ಪುಟ, ಆಗಾಗ ಸೇರುತ್ತ ಹೋಗುವುದು ಬರಹ, ಬರಹಗಳನ್ನು ವಿಭಾಗ ಮಾಡಿ ಜೋಡಿಸಬೇಕು.

ಒಂದು ಭಾನುವಾರವಿಡೀ ಕೂತು ಜೋಡಿಸಿದೆ. ಪುಟವೆಂದು ಉಳಿದದ್ದು 'ನನ್ನ ಬಗ್ಗೆ' ಒಂದೇ. ಸ್ವಂತ ಪರಿಶ್ರಮದಿಂದ ಓದಿ ಮೇಲೆ ಬಂದವನು ನಾನು ಎಂದು ಅದರಲ್ಲಿ ಬರೆದಿದ್ದೆ. ಓದಿದ ಪುಸ್ತಕಗಳ ಮೇಲೆ ಗೀಚಿದ್ದೆಲ್ಲ 'ಚಿಂತನೆ'ಗೆ ಹೋಯಿತು. ಬೇರೆಯವರ ಬ್ಲಾಗುಗಳಲ್ಲಿ 'ಹಾಸ್ಯ' ಎಂದೊಂದು ವಿಭಾಗ ಇರುತ್ತಿತ್ತು, ನಾನೂ ಒಂದು ಮಾಡಿದೆ. ಅದಕ್ಕೆ ಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ. ಖಾಲಿ ಬಿಡಲು ಮನಸ್ಸಾಗದೆ ಅಕ್ಕನ ಪರೀಕ್ಷೆಯ ಕಥೆ ಬರೆದೆ.

ಅಕ್ಕ ಭದ್ರಾವತಿಯಲ್ಲಿದ್ದಳು. ಭಾವನಿಗೆ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಅವಳು ಅಕ್ಕಪಕ್ಕದ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ಅಕ್ಕ ಶಾಲೆ ಬಿಟ್ಟು ಮನೆ ನೋಡಿಕೊಂಡಳು, ನಾನು ಶಾಲೆಗೆ ಹೋದೆ. ಮೂವತ್ತೆಂಟನೇ ವಯಸ್ಸಿಗೆ ಅವಳು ಯಾರಿಗೂ ತಿಳಿಸದೆ ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಮೊದಲ ದಿನ ಗೇಟಿನಲ್ಲಿದ್ದ ಮೇಷ್ಟ್ರು, ಪೇರೆಂಟ್ಸೆಲ್ಲ ಹೊರಗೆ ನಿಲ್ಲಿ ಎಂದರಂತೆ. ಪರೀಕ್ಷೆ ಬರೆಯುವವಳು ನಾನೇ ಎನ್ನಲು ಬಾಯಿ ಬಾರದೆ ಅವಳು ಬೆಲ್ ಹೊಡೆಯುವವರೆಗೂ ಹೊರಗೇ ನಿಂತಿದ್ದಳು. ಕೊನೆಗೆ ಕೈಯಲ್ಲಿದ್ದ ಹಾಲ್ ಟಿಕೆಟ್ ನೋಡಿ ಒಬ್ಬ ಹುಡುಗಿ ಒಳಗೆ ಕರೆದುಕೊಂಡು ಹೋದಳಂತೆ. ಇದನ್ನೆಲ್ಲ ನನಗೆ ಹೇಳಿದಾಗ ಅಕ್ಕ ನಗುತ್ತಲೇ ಇದ್ದಳು, ಆದರೆ ನಡುವೆ ಎರಡು ಸಲ ಎದ್ದು ಒಳಗೆ ಹೋಗಿ ಬಂದಳು. "ಯಾರ್ಗೂ ಹೇಳ್ಬೇಡ ಮಾರಾಯ," ಎಂದಿದ್ದಳು.

ನಾನು ಹೇಳಲಿಲ್ಲ, ಬರೆದೆ. ಓದುವವರು ನಗಲೆಂದು ಅವಳ ಮಾತಿಗೆ ಇಲ್ಲದ ತಮಿಳು ಬೆರೆಸಿದೆ, ಬೆಂಚಿಗೂ ಮೇಜಿಗೂ ನಡುವೆ ಸಿಕ್ಕಿಬಿದ್ದಳು ಎಂದು ಸೇರಿಸಿದೆ. ನನ್ನ ಚಿಂತನೆಗಳಿಗೆ ಒಂದೋ ಎರಡೋ ಪ್ರತಿಕ್ರಿಯೆ ಬರುತ್ತಿದ್ದವು. ಇದಕ್ಕೆ ಬಂದವನ್ನು ಓದಲು ಪರದೆಯನ್ನು ಕೆಳಗೆ ಸರಿಸುತ್ತಲೇ ಇರಬೇಕಾಯಿತು.

ಒಂದು ದಿನ ಅಕ್ಕ ನಮ್ಮೂರಿನ ಗಾಂಧಿ ಬಜಾರಿನಲ್ಲಿ ಲೈನಿಂಗ್ ಬಟ್ಟೆ ಕೊಳ್ಳಲು ಬರುವವಳಿದ್ದಳು. ಹಾಗೇ ಮನೆಗೆ ಬಂದು ನಿನ್ನ ಬ್ಲಾಗ್ ನೋಡುತ್ತೇನೆ ಎಂದು ಫೋನ್ ಮಾಡಿದಳು. ಆ ಬೆಳಿಗ್ಗೆ ನಾನು 'ಹಾಸ್ಯ' ವಿಭಾಗವನ್ನೇ ಅಳಿಸಿದೆ. ವಿಭಾಗ ಹೋದರೆ ಅದರೊಳಗಿನ ಬರಹವೂ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಿದ್ದೆ.

ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಮೊದಲು 'ನನ್ನ ಬಗ್ಗೆ' ಓದಿದಳು. ತುಂಬ ಚೆನ್ನಾಗಿ ಬರೆದಿದ್ದೀಯ ಎಂದಳು. ಆ ಪುಟದಲ್ಲಿ ಅವಳಿರಲಿಲ್ಲ. ಆಮೇಲೆ ಪಕ್ಕದ ವಿಭಾಗಗಳ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದತೊಡಗಿದಳು. ಪಟ್ಟಿಯ ಕೊನೆಯಲ್ಲಿ 'ವಿಭಾಗವಿಲ್ಲದ್ದು' ಎಂಬ ಹೊಸ ಸಾಲೊಂದು ಬಂದು ಕೂತಿತ್ತು. ವಿಭಾಗ ಅಳಿಸಿದರೆ ಬರಹ ಅಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಇದೇನು ಎಂದು ಕೇಳಿದಳು. ಏನೂ ಇಲ್ಲ, ಕಾಫಿ ಕುಡಿ ಬಾ ಎಂದೆ. ಅಷ್ಟರಲ್ಲಿ ಅವಳು ಒತ್ತಿಯಾಗಿತ್ತು.

ಅಕ್ಕ ನಿಧಾನವಾಗಿ ಓದುವವಳು. ನಾನು ಅವಳ ಹಿಂದೆಯೇ ನಿಂತಿದ್ದೆ. ಬರಹ ಮುಗಿಸಿ ಅವಳು ಪ್ರತಿಕ್ರಿಯೆಗಳನ್ನೂ ಓದಿದಳು. ಈ ಅಜ್ಜಿಯನ್ನು ಟಿವಿಗೆ ಕಳಿಸಿ ಎಂದು ಯಾರೋ ಬರೆದಿದ್ದರು. ಅದಕ್ಕೆ ನಾನು ನಗುವ ಮುಖದ ಚಿಹ್ನೆ ಹಾಕಿ ಉತ್ತರಿಸಿದ್ದೆ. ಅದೂ ಅಲ್ಲೇ ಇತ್ತು.

"ಬರ್ದಿರೋದು ಸುಮಾರಾಗಿ ನಿಜಾನೇ," ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ನಾನು ಪಾಸಾಗಿದ್ದು ಮಾತ್ರ ಬರ್ದಿಲ್ಲ."

ಪಾಸಾಗಿದ್ದನ್ನು ಬರೆದರೆ ನಗು ಕಡಿಮೆಯಾಗುತ್ತದೆ ಎಂದು ನಾನೇ ಬಿಟ್ಟಿದ್ದೆ. ಆದರೆ ಮರೆತುಹೋಯಿತು ಎಂದೆ. ಬರೆದದ್ದಕ್ಕಿಂತ ಆ ಸುಳ್ಳಿಗೇ ನಾನು ಇವತ್ತಿಗೂ ಹೆಚ್ಚು ನಾಚುತ್ತೇನೆ. ಅಕ್ಕ ಬಟ್ಟೆಯ ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು.

ಅವಳು ಹೋದ ತಕ್ಷಣ ಬರಹವನ್ನು ಅಳಿಸಿದೆ. 'ನನ್ನ ಬಗ್ಗೆ' ಪುಟ ತೆರೆದು ಸ್ವಂತ ಪರಿಶ್ರಮದ ಸಾಲನ್ನು ತೆಗೆದೆ, ನನ್ನನ್ನು ಓದಿಸಲು ಅಕ್ಕ ಶಾಲೆ ಬಿಟ್ಟಳು ಎಂದು ಬರೆದೆ. ಮುಂದಿನ ಭಾನುವಾರ ಭದ್ರಾವತಿಗೆ ಹೊರಟೆ. ಬಸ್ಸು ಮಲವಗೊಪ್ಪ ದಾಟುವವರೆಗೂ ಏನು ಹೇಳಬೇಕೆಂದು ಜೋಡಿಸುತ್ತಿದ್ದೆ. ಮನೆಯಲ್ಲಿ ಹೊಲಿಗೆಗೆ ಬಂದ ಇಬ್ಬರು ಹೆಂಗಸರಿದ್ದರು. ಅವರು ಹೋದ ಮೇಲೆ ತಪ್ಪಾಯಿತು ಎಂದೆ, ಪಾಸಾಗಿದ್ದನ್ನು ಬೇಕೆಂದೇ ಬಿಟ್ಟಿದ್ದೆ ಎಂದೂ ಹೇಳಿದೆ.

"ಗೊತ್ತಾಯ್ತು ನಂಗೆ ಅವತ್ತೇ. ಬಿಡು," ಎಂದಳು. ಪುಟ ತಿದ್ದಿದ್ದನ್ನು ಹೇಳಿದೆ, ಒಳ್ಳೆಯದಾಯಿತು ಎಂದಳು. ನೋಡುತ್ತೇನೆ ಎನ್ನಲಿಲ್ಲ. ಊಟಕ್ಕೆ ಬಡಿಸಿದಳು, ನನ್ನ ಹೆಂಡತಿಯ ಆರೋಗ್ಯ ವಿಚಾರಿಸಿದಳು.

ಆಮೇಲೂ ನಾವು ಹಬ್ಬಹುಣ್ಣಿಮೆಗೆ ಸೇರುತ್ತಿದ್ದೆವು. ಅಕ್ಕ ಎಲ್ಲರೆದುರು ಹೇಳುವಂಥದ್ದನ್ನಷ್ಟೇ ನನಗೂ ಹೇಳುತ್ತಿದ್ದಳು. ಅವಳು ಪಿಯುಸಿಗೂ ಕಟ್ಟಿದ್ದು ನನಗೆ ತಿಳಿದದ್ದು ಭಾವನಿಂದ, ಪರೀಕ್ಷೆ ಮುಗಿದು ತಿಂಗಳುಗಳಾದ ಮೇಲೆ. ಭಾವ ಮಾತಿನ ಮಧ್ಯೆ ಹೇಳಿ ಬೇರೆ ವಿಷಯಕ್ಕೆ ಹೋದ. ಅಕ್ಕ ಅಲ್ಲೇ ಬಟ್ಟೆ ಕತ್ತರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಫಲಿತಾಂಶ ಏನಾಯಿತೆಂದು ಕೇಳಲು ನನಗೆ ಬಾಯಿ ಬರಲಿಲ್ಲ.